ಶೇಷ ಚಿಕ್ಕದಿದ್ದ ಮಾತ್ರಕ್ಕೆ ಕಕ್ಷೆ ಸರಿಯಿರಬೇಕೆಂದಿಲ್ಲ

ಭೂವೀಕ್ಷಣಾ ಉಪಗ್ರಹದ ಕಕ್ಷೆಯನ್ನು ಸೆಂಟಿಮೀಟರ್ ಮಟ್ಟಕ್ಕೆ ತರಲು ಅದರಲ್ಲಿರುವ ಜಿಪಿಎಸ್ ಗ್ರಾಹಕದ ಅಳತೆಗಳಿಂದ ನಾನು 30 ಗಂಟೆಗಳ ಆರ್ಕ್ (ಒಟ್ಟಿಗೆ ಲೆಕ್ಕಹಾಕುವ ಕಕ್ಷೆಯ ತುಂಡು) ತೆಗೆದುಕೊಳ್ಳುತ್ತೇನೆ: ಬೇಕಾದ ದಿನದ 24, ಹಿಂದೆ ಮುಂದೆ ಮೂರು ಮೂರು. ಜಿಪಿಎಸ್‌ನ ಕಕ್ಷೆ ಮತ್ತು ಗಡಿಯಾರದ ಫೈಲುಗಳು ಒಂದೇ ವಿಶ್ಲೇಷಣಾ ಕೇಂದ್ರದವಾಗಿರಬೇಕು, ಬೆರೆಸಿದರೆ ಕೆಟ್ಟಿತು. ಗಡಿಯಾರದ ಮೌಲ್ಯಗಳು 30 ಸೆಕೆಂಡಿಗೊಂದಾದರೂ ಬೇಕು. 5 ನಿಮಿಷಕ್ಕೊಂದಿರುವುದನ್ನು ನಡುವೆ ಗೆರೆ ಎಳೆದು ತುಂಬಿಸಿದರೆ ಫೇಸ್ ಅಳತೆಯ (ರೇಡಿಯೊ ಅಲೆಯ ಹಂತ ಹಿಡಿದು ಮಿಲಿಮೀಟರ್ ಮಟ್ಟದಲ್ಲಿ ದೂರ ಅಳೆಯುವುದು) ನಿಖರತೆಯೆಲ್ಲ ವ್ಯರ್ಥ.

ಮೊದಲ ಸುತ್ತು ಬರೀ ಕೋಡ್ ಅಳತೆಯಿಂದ (ಸಂಕೇತ ಬರಲು ಹಿಡಿದ ಸಮಯದಿಂದ ತೆಗೆದ ಒರಟು ದೂರ), ಮೀಟರ್ ಮಟ್ಟಕ್ಕೆ. ಅದನ್ನು ಹಿಡಿದು, ಫೇಸ್ ಅಲೆಗಳ ಎಣಿಕೆ ನಡುವೆ ತಪ್ಪುವ ಸೈಕಲ್ ಸ್ಲಿಪ್‌ಗಳನ್ನು ಹೆಕ್ಕುತ್ತೇನೆ. ಆಮೇಲೆ ಜಿಪಿಎಸ್ ಪ್ರಸಾರದ ಎರಡು ಆವರ್ತನ ಎಲ್1, ಎಲ್2 ಸೇರಿಸಿ ಅಯಾನುಗೋಳದ ಪರಿಣಾಮ ಕಳೆದ ಫೇಸ್‌ನಿಂದ ಕೊನೆಯ ಸುತ್ತು. ಈ ಜೋಡಣೆ ಗದ್ದಲವನ್ನು ಸುಮಾರು ಮೂರು ಪಟ್ಟು ಹಿಗ್ಗಿಸುತ್ತದೆ, ಸಹಿಸಿಕೊಳ್ಳಬೇಕು. ಗುರುತ್ವ ಮಾದರಿ 120ನೇ ಡಿಗ್ರಿವರೆಗೆ (ಡಿಗ್ರಿ ಹೆಚ್ಚಿದಷ್ಟೂ ವಿವರ ಸೂಕ್ಷ್ಮ); ಉಳಿದ ಬಲದೋಷಗಳಿಗೆ 6 ನಿಮಿಷಕ್ಕೊಂದು ಪ್ರಾಯೋಗಿಕ ವೇಗೋತ್ಕರ್ಷ (ಅಳತೆಗೆ ಹೊಂದುವಂತೆ ಲೆಕ್ಕದಲ್ಲಿ ಸೇರಿಸುವ ಸಣ್ಣ ತಳ್ಳು). ಅದರ ಗಾತ್ರಕ್ಕೆ ಹಾಕಿದ ಕಟ್ಟು ಸಡಿಲವಾದರೆ ಕಕ್ಷೆ ಗದ್ದಲದ ಹಿಂದೆ ಓಡುತ್ತದೆ, ಬಿಗಿಯಾದರೆ ವಾಯುಘರ್ಷಣೆಯ ತಪ್ಪು ಒಳಗೇ ಉಳಿಯುತ್ತದೆ. ಥ್ರಸ್ಟರ್ ಉರಿದ ದಿನ ಆ ಹೊತ್ತಿಗೆ ಪ್ರತ್ಯೇಕ ನಿಯತಾಂಕ ಹಾಕಲೇಬೇಕು.

ಫೇಸ್ ಶೇಷ (ಅಳತೆಗೂ ಲೆಕ್ಕಕ್ಕೂ ಉಳಿದ ವ್ಯತ್ಯಾಸ) 5ರಿಂದ 10 ಮಿ.ಮೀ.ಗೆ ಇಳಿದಾಗ ಕೆಲಸ ಮುಗಿಯಿತೆನಿಸುತ್ತದೆ. ಮೋಸ ಹೋಗುವುದು ಇಲ್ಲೇ. ಅಳತೆಗಳು ಜಿಪಿಎಸ್ ಕಾಲದಲ್ಲಿ, ಉಪಗ್ರಹದ ದಿಕ್ಕು ತಿಳಿಸುವ ಕ್ವಾಟರ್ನಿಯನ್‌ಗಳು ಯುಟಿಸಿಯಲ್ಲಿ (ಲೋಕದ ಗಡಿಯಾರಗಳ ಪ್ರಮಾಣಿತ ಕಾಲ) ಇವೆ, ಎರಡನ್ನೂ ಹಾಗೆಯೇ ಜೋಡಿಸಿದಿರಿ ಎನ್ನಿ. 2017ರಿಂದ ಎರಡರ ಅಂತರ 18 ಸೆಕೆಂಡು. 700 ಕಿ.ಮೀ. ಎತ್ತರದಲ್ಲಿ ಸದಾ ಭೂಮಿಯತ್ತ ಮುಖ ಮಾಡಿದ ಉಪಗ್ರಹ ಅಷ್ಟರಲ್ಲಿ ಒಂದು ಡಿಗ್ರಿಗಿಂತ ತುಸು ಹೆಚ್ಚು ತಿರುಗಿರುತ್ತದೆ. ಆಂಟೆನಾ ದ್ರವ್ಯರಾಶಿ ಕೇಂದ್ರದಿಂದ ಒಂದು ಮೀಟರ್ ಮೇಲಿದ್ದರೆ, ಚಲನೆಯ ದಿಕ್ಕಿನಲ್ಲಿ ಸುಮಾರು 2 ಸೆಂ.ಮೀ. ತಪ್ಪು. ಇಡೀ ಕಕ್ಷೆ ಅಷ್ಟೇ ಮುಂದಕ್ಕೋ ಹಿಂದಕ್ಕೋ ಜರುಗಿದರೆ ಅದೂ ಭೌತಶಾಸ್ತ್ರ ಒಪ್ಪುವ ಕಕ್ಷೆಯೇ. ಹಾಗಾಗಿ ಶೇಷ ಮಿಸುಕುವುದಿಲ್ಲ. ಅಕ್ಕಪಕ್ಕದ ದಿನಗಳ ಆರ್ಕ್‌ಗಳನ್ನು ಹೋಲಿಸಿದರೂ ಪ್ರಯೋಜನವಿಲ್ಲ, ಎರಡರಲ್ಲೂ ಅದೇ ತಪ್ಪು.

ಇದನ್ನು ಬಯಲಿಗೆಳೆಯುವುದು ಲೇಸರ್ ದೂರಮಾಪನ: ನೆಲದ ನಿಲ್ದಾಣದಿಂದ ಲೇಸರ್ ಮಿಡಿತ ಕಳಿಸಿ ಉಪಗ್ರಹದ ದೂರ ಅಳೆಯುವುದು. ನಮ್ಮ ಕಕ್ಷೆ ಉಪಗ್ರಹವನ್ನು ನಿಜಕ್ಕಿಂತ ಮುಂದೆ ತೋರಿಸುತ್ತಿದ್ದರೆ, ಅದು ನಿಲ್ದಾಣದತ್ತ ಬರುವಾಗ ಅಳೆದ ದೂರ ಲೆಕ್ಕಕ್ಕಿಂತ ಹೆಚ್ಚು, ಸರಿದು ಹೋಗುವಾಗ ಕಡಿಮೆ. ನಾನು ಸರಾಸರಿ ನೋಡುವುದಿಲ್ಲ. ಅದರಲ್ಲಿ ಎರಡೂ ಹೊಡೆದುಹೋಗುತ್ತವೆ. ಪ್ರತಿ ಪಾಸಿನಲ್ಲಿ (ಉಪಗ್ರಹ ನಿಲ್ದಾಣದ ಮೇಲೆ ಹಾದುಹೋಗುವ ಒಂದು ಸಲ) ಈ ವ್ಯತ್ಯಾಸದ ಇಳಿಜಾರು ನೋಡುತ್ತೇನೆ. ನಿಲ್ದಾಣದ ಗಡಿಯಾರ 2.5 ಮೈಕ್ರೋಸೆಕೆಂಡ್ ತಪ್ಪಿದರೂ ಇಂಥದೇ ಇಳಿಜಾರು ಬರುತ್ತದೆ. ಒಂದೇ ನಿಲ್ದಾಣದಲ್ಲಿ ಕಂಡರೆ ದೋಷ ಅಲ್ಲಿನದು. ಎಲ್ಲ ಕಡೆ ಕಂಡರೆ ಕ್ವಾಟರ್ನಿಯನ್ ಫೈಲಿನ ತಲೆಬರಹ ತೆರೆದು ಕಾಲಮಾನ ಯಾವುದೆಂದು ಓದುತ್ತೇನೆ.