ನಿಮ್ಮೂರ ಶಾಲೆ ಬಯಲಲ್ಲೇ ಹವಾಮಾನದ ಸಿನಿಮಾ ಹಬ್ಬ

ಚಿತ್ರೋತ್ಸವ ಅಂದ ಕೂಡಲೇ ಪಾಸ್, ಕೆಂಪು ಹಾಸು ನೆನಪಾಗುತ್ತವೆ. ಹವಾಮಾನ ಬದಲಾವಣೆಯ ಚಿತ್ರಗಳನ್ನು ಊರಿಗೆ ತೋರಿಸಲು ಅದೆಲ್ಲ ಬೇಡ. ಶಾಲೆಯ ಬಯಲು, ಒಂದು ಪ್ರೊಜೆಕ್ಟರ್, ನೂರು ಜನ ಸಾಕು.

ಮೊದಲು ದಿನ ಗೊತ್ತು ಮಾಡಿ. ಸುಗ್ಗಿ ಮುಗಿದ ಮೇಲೆ, ಜನವರಿ ಕೊನೆ ಅಥವಾ ಫೆಬ್ರವರಿ ಒಳ್ಳೆಯದು. ಮಳೆಯ ಕಾಟವಿಲ್ಲ, ಬೇಗ ಕತ್ತಲಾಗುತ್ತದೆ. ಮಾರ್ಚ್‌ನಲ್ಲಿ ಪರೀಕ್ಷೆ, ಆಮೇಲೆ ಐಪಿಎಲ್. ಕ್ರಿಕೆಟ್ ಎದುರು ಯಾವ ಸಿನಿಮಾವೂ ನಿಲ್ಲುವುದಿಲ್ಲ!

ಆಮೇಲೆ ಚಿತ್ರಗಳ ಆಯ್ಕೆ. ಎಡವುವುದು ಇಲ್ಲೇ. ಕರಗುವ ಹಿಮ, ಬಿಳಿ ಕರಡಿ ತೋರಿಸಿದರೆ ಜನ ‘ಪಾಪ’ ಅಂದು ಮನೆಗೆ ಹೋಗುತ್ತಾರೆ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಕಥೆ ನಮ್ಮಲ್ಲೇ ಇದೆ, ಅಲ್ವಾ? ಬರ, ನೆರೆ, ಕಡಲ್ಕೊರೆತದ ಚಿತ್ರ ಹುಡುಕಿ. ನೀಲಮಾಧವ ಪಂಡಾ ಅವರ 2017ರ ಹಿಂದಿ ಚಿತ್ರ ‘ಕಡ್ವಿ ಹವಾ’ದಲ್ಲಿ ಬರದ ನಾಡಿನ ಕಣ್ಣು ಕಾಣದ ಮುದುಕನಿದ್ದಾನೆ, ಒಡಿಶಾದ ಕಡಲ ತೀರದಿಂದ ಬಂದ ಸಾಲ ವಸೂಲಿಗಾರನಿದ್ದಾನೆ. ಇಂಥದ್ದು ಒಂದು ದೊಡ್ಡದು, ಎರಡು ಕಿರುಚಿತ್ರ. ಅದಕ್ಕಿಂತ ಜಾಸ್ತಿ ಬೇಡ.

ನಾನಾದರೆ ಇನ್ನೊಂದು ಕೆಲಸ ಮಾಡುತ್ತೇನೆ. ತಿಂಗಳ ಮೊದಲೇ ಹೈಸ್ಕೂಲ್ ಮಕ್ಕಳ ಕೈಗೆ ಮೊಬೈಲ್ ಕೊಟ್ಟು, ಮನೆಯ ಅಜ್ಜಿಯನ್ನು ಮಾತಾಡಿಸಲು ಹೇಳುತ್ತೇನೆ. ‘ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ ಅಂತಿದ್ರಲ್ಲಜ್ಜಿ, ಈಗ ಹೇಗೆ?’ ಅಷ್ಟು ಕೇಳಿದರೆ ಸಾಕು, ಮೂರು ನಿಮಿಷದ ಚಿತ್ರ ಸಿಕ್ಕಿತು. ಮೊಬೈಲ್ ಅಡ್ಡ ಹಿಡಿಯಬೇಕು, ಫ್ಯಾನ್ ಆರಿಸಬೇಕು. ತೆರೆ ಮೇಲೆ ಅಜ್ಜಿ ಬರ್ತಾಳೆ ಅಂದರೆ ಇಡೀ ಬೀದಿ ಬರುತ್ತದೆ. ಪೋಸ್ಟರ್ ಖರ್ಚೂ ಉಳಿಯಿತು.

ಅನುಮತಿ ಮರೆಯಬೇಡಿ. ಮನೆಯ ಒಟಿಟಿ ಖಾತೆ ಮನೆಯವರಿಗೆ ಮಾತ್ರ. ಊರಿಗೆ ತೋರಿಸಲು ಚಿತ್ರದ ಹಕ್ಕುದಾರರ ಒಪ್ಪಿಗೆ ಬರಹದಲ್ಲಿ ಬೇಕು. ಸೆನ್ಸಾರ್ ಪ್ರಮಾಣಪತ್ರ ಇಲ್ಲದ ಚಿತ್ರಗಳಿದ್ದರೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಿನಾಯಿತಿಗೆ ಮೊದಲೇ ಅರ್ಜಿ ಹಾಕಿ. ಮೈಕಿಗೆ ಪೊಲೀಸ್ ಠಾಣೆಯ ಅನುಮತಿ ಪಡೆಯಿರಿ, ರಾತ್ರಿ 10ಕ್ಕೆ ಬಂದ್ ಮಾಡಿ.

10 ಅಡಿ ಅಗಲದ ಬಿಳಿ ಪರದೆಗೆ 3000 ಲ್ಯೂಮೆನ್ಸ್ (ಬೆಳಕಿನ ಅಳತೆ) ಪ್ರೊಜೆಕ್ಟರ್ ಸಾಕು, ಪೂರ್ತಿ ಕತ್ತಲಾಗಿರಬೇಕು ಅಷ್ಟೆ. ಚಿತ್ರ ಸ್ವಲ್ಪ ಮಂಕಾದರೂ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಶಾಮಿಯಾನದವರ ಹತ್ತಿರ ಒಳ್ಳೆಯ ಸ್ಪೀಕರ್ ತನ್ನಿ. ನೆಟ್ ನಂಬಬೇಡಿ, ಚಿತ್ರ ಪೆನ್‌ಡ್ರೈವ್‌ನಲ್ಲಿರಲಿ. ಒಮ್ಮೆ ನಮ್ಮಲ್ಲಿ ಕ್ಲೈಮ್ಯಾಕ್ಸ್‌ಗೇ ಕರೆಂಟ್ ಹೋಯಿತು. ಅಂದಿನಿಂದ ಜನರೇಟರ್ ಇಲ್ಲದೆ ನಾನು ಪರದೆಯನ್ನೇ ಕಟ್ಟುವುದಿಲ್ಲ.

ಮಾತುಕತೆಯನ್ನು ಕೊನೆಗೆ ಇಡಬೇಡಿ, ಆಗ ಯಾರೂ ಇರುವುದಿಲ್ಲ. ಮಕ್ಕಳು ತೆಗೆದ ಚಿತ್ರಗಳು ಮುಗಿದು, ದೊಡ್ಡ ಚಿತ್ರ ಶುರುವಾಗುವ ಮೊದಲು 20 ನಿಮಿಷ ಇರಲಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಪಂಚಾಯಿತಿ ಮಟ್ಟದಲ್ಲೂ ಇವೆ. ನಿಮ್ಮ ಪಂಚಾಯಿತಿಯ ಮಳೆ ಲೆಕ್ಕ ತಂದು ದೊಡ್ಡ ಹಾಳೆಯಲ್ಲಿ ಬರೆದು ಪರದೆ ಪಕ್ಕ ನೇತುಹಾಕಿ. ಮುಖ್ಯ ಅತಿಥಿಗೆ ಐದೇ ನಿಮಿಷ. ಉಳಿದ ಹೊತ್ತು ಮೈಕ್ ಜನರ ನಡುವೆ ಓಡಾಡಲಿ. ‘ನಿಮ್ಮ ಬಾವಿ ಯಾವ ವರ್ಷ ಬತ್ತಿತು?’ ಅಂತ ಕೇಳಿ ನೋಡಿ.

ಕೂರಲು ಜಮಖಾನ ಹಾಸಿ. ಹಿಂದೆ ಇಪ್ಪತ್ತು ಕುರ್ಚಿ ಇರಲಿ, ಮಂಡಿನೋವಿನವರಿಗೆ.