ಸ್ಟಿಕ್ ವಿಮಾನಕ್ಕೆ ಕತ್ತರಿಸಿಕೊಂಡ ನೀಬೋರ್ಡ್

ಹಾರುವಾಗ ಬರೆದುಕೊಳ್ಳಲು ಪೈಲಟ್ ತೊಡೆಗೆ ಕಟ್ಟಿಕೊಳ್ಳುವ ಪುಟ್ಟ ಹಲಗೆಯೇ ನೀಬೋರ್ಡ್. ಎ5 ಅಳತೆಯ ಅಂಥ ಬೋರ್ಡನ್ನು (148 × 210 ಮಿ.ಮೀ.) 115 ಮಿ.ಮೀ. ಅಗಲಕ್ಕೆ ಇಳಿಸುತ್ತೇನೆ ಅಂದಾಗ, "ಅಷ್ಟರಲ್ಲಿ ಏನು ಬರೀತೀಯ?" ಎಂದು ನಕ್ಕವರೇ ಹೆಚ್ಚು. ಈಗ ಅವರೇ ನನ್ನ ಅಳತೆ ಕೇಳಿಕೊಂಡು ಬರುತ್ತಿದ್ದಾರೆ.

ಯೋಕ್ (ಸ್ಟಿಯರಿಂಗ್‌ನಂಥ ಹಿಡಿಕೆ) ಇರುವವರಿಗೆ ಈ ತಲೆನೋವು ಅರ್ಧ ಮಾತ್ರ. ಕಾಲುಗಳ ನಡುವಿನ ನಿಯಂತ್ರಣ ಕೋಲಾದ ಸ್ಟಿಕ್ಕನ್ನು ಪೂರ್ತಿ ಹಿಂದಕ್ಕೆಳೆದು ಬಲಕ್ಕೆ ಒತ್ತಿದರೆ ಅದು ಸೀದಾ ಬಲತೊಡೆಯ ಮೇಲೆಯೇ ಬರುತ್ತದೆ. ಅಲ್ಲಿ ಬೋರ್ಡಿನ ಅಂಚು ಅಡ್ಡ ಬಂದರೆ ಕ್ರಾಸ್‌ವಿಂಡ್‌ನಲ್ಲಿ (ಅಡ್ಡಗಾಳಿಯಲ್ಲಿ) ಬೇಕಾದ ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಫಲಕ) ಪೂರ್ತಿ ಸಿಗುವುದಿಲ್ಲ. ಹಾಗಾಗಿ ಕತ್ತರಿಸಿದ್ದೆಲ್ಲ ಒಳಬದಿಯಿಂದಲೇ.

ಮೊದಲು ರೆಡಿಮೇಡ್ ಬೋರ್ಡುಗಳಿಗೆ ಸುರಿದ ದುಡ್ಡು ಕಡಿಮೆಯೇನಲ್ಲ. ಮೂರು ಮಡಿಕೆಯದ್ದು ಬಿಚ್ಚಿದರೆ ಎರಡೂ ತೊಡೆ ಮುಚ್ಚುತ್ತದೆ. ಅದರ ಅಯಸ್ಕಾಂತದ ಗುಂಡಿ ಗ್ಲೇರ್‌ಶೀಲ್ಡ್ (ಮೀಟರುಗಳ ಮೇಲಿನ ನೆರಳು ಅಂಚು) ಹತ್ತಿರ ಹೋದರೆ ಕಂಪಾಸ್ ಕುಣಿಯುತ್ತದೆ. ಟ್ಯಾಬ್ಲೆಟ್ ಹೋಲ್ಡರ್ ಇನ್ನೊಂದು ಕಥೆ. ಐಪ್ಯಾಡ್‌ಗೆ ಹೇಳಿರುವ ಮಿತಿಯೇ 35 ಡಿಗ್ರಿ. ಬಬಲ್ ಕ್ಯಾನಪಿಯ (ತಲೆಮೇಲಿನ ಪಾರದರ್ಶಕ ಗುಮ್ಮಟದ) ಬಿಸಿಲಿಗೆ ಮೊದಲು ಮಂಕಾಗಿ, ಆಮೇಲೆ ಆರಿಯೇ ಹೋಗುತ್ತದೆ. ಹಿಂದೆ 5 ಮಿ.ಮೀ. ಫೋಮ್ ತುಂಡುಗಳನ್ನು ಅಂಟಿಸಿ ಗಾಳಿಗೆ ದಾರಿ ಮಾಡಿ ನೋಡಿದೆ. ಆರುವುದು ತಡವಾಯಿತು, ನಿಲ್ಲಲಿಲ್ಲ. ತೊಡೆ ಮೇಲೆ ಕಾಗದವೇ ಇರಲಿ.

ಹಲಗೆಗೆ 3 ಮಿ.ಮೀ. ಪಾಲಿಕಾರ್ಬೊನೇಟ್. ಅಕ್ರಿಲಿಕ್ ಬೇಡ: ತೂತಿನ ಅಂಚಿನಿಂದಲೇ ಬಿರುಕು ಬಿಡುತ್ತದೆ, ಮುರಿದರೆ ಚೂರು ಚೂಪು. ತೊಡೆಯ ಆಕಾರಕ್ಕೆ ಬಗ್ಗಿಸಲು ಹಾಟ್ ಗನ್ ಹಿಡಿದರೆ ಪಾಲಿಕಾರ್ಬೊನೇಟ್ ಒಳಗೆ ಗುಳ್ಳೆ ಏಳುತ್ತವೆ, ಅದು ತೇವ ಹೀರಿಕೊಂಡಿರುತ್ತದೆ. ಎರಡು ತುಂಡು ಹಾಗೆ ಹಾಳಾದ ಮೇಲೆ ಬಗ್ಗಿಸುವ ಗೊಡವೆಯೇ ಬಿಟ್ಟೆ. ಹಲಗೆ ಚಪ್ಪಟೆಯಾಗಿಯೇ ಇರಲಿ. ಅಡಿಯಲ್ಲಿ ಉದ್ದಕ್ಕೂ ಎರಡು ಅಂಚಿಗೆ 10 ಮಿ.ಮೀ. ಇವಿಎ ಫೋಮ್ ಪಟ್ಟಿ, ನಡುವೆ ಖಾಲಿ. ತೊಡೆ ಆ ಖಾಲಿಯಲ್ಲಿ ಕೂರುತ್ತದೆ.

ನಿಜವಾದ ಕೆಲಸ ಇರುವುದು ತೊಡೆಗೆ ಬಿಗಿಯುವ ಪಟ್ಟಿ ತೂರುವ ಸೀಳಿನಲ್ಲಿ. 38 ಮಿ.ಮೀ. ಪಟ್ಟಿಗೆ 40 × 4 ಮಿ.ಮೀ. ಸೀಳು, ಹಲಗೆಯ ನಡುವೆ ಅಲ್ಲ, ಮೊಣಕಾಲಿನ ಕಡೆಯ ಮೂರನೇ ಒಂದು ಭಾಗದಲ್ಲಿ. ಎರಡು ಸೀಳನ್ನೂ ಸುಮಾರು 10 ಡಿಗ್ರಿ ಓರೆಯಾಗಿ ಕೊರೆಯಬೇಕು. ಕೂತಾಗ ತೊಡೆ ಹೊರಕ್ಕೆ ವಾಲಿರುತ್ತದಲ್ಲ, ನೇರ ಸೀಳಾದರೆ ಕಾಗದವೂ ಹೊರಕ್ಕೇ ತಿರುಗಿ ಕುತ್ತಿಗೆ ಓರೆ ಮಾಡಿ ಓದಬೇಕಾಗುತ್ತದೆ. ಪೂರ್ತಿ ಎಲಾಸ್ಟಿಕ್ ಪಟ್ಟಿ ರಡ್ಡರ್ ಪೆಡಲ್ ಒತ್ತಿದಾಗಲೆಲ್ಲ ಜಾರುತ್ತದೆ, ಪೂರ್ತಿ ವೆಬ್ಬಿಂಗ್ (ಹಿಗ್ಗದ ನೇಯ್ದ ಪಟ್ಟಿ) ಆದರೆ ಗಂಟೆಯೊಳಗೆ ಕಾಲು ಜೋಮು. ಅರ್ಧ ಅದು, ಅರ್ಧ ಇದು. ವೆಲ್ಕ್ರೋ ತುದಿ ಹೊರಬದಿಗೆ ಇರಲಿ, ಸೀಟಿನ ಬೆಲ್ಟಾದ ಹಾರ್ನೆಸ್‌ಗೆ ಸಿಕ್ಕಿಕೊಳ್ಳದೆ ಒಂದೇ ಕೈಯಲ್ಲಿ ಕಿತ್ತುಕೊಳ್ಳುವಂತೆ.

ಕಾರ್ಡುಗಳಿಗೆ ಮ್ಯಾಟ್ ಲ್ಯಾಮಿನೇಷನ್, ಬರೆಯಲು 2ಬಿ ಪೆನ್ಸಿಲ್, ರಬ್ಬರಿನಲ್ಲಿ ಅಳಿಸಬಹುದು. ಹೊಳಪಿನದ್ದಾದರೆ ಕ್ಯಾನಪಿಯೇ ಅದರಲ್ಲಿ ಕಾಣುತ್ತದೆ. ಕೆಂಪು ಇಂಕಿನಲ್ಲಿ ಏನೂ ಅಚ್ಚು ಹಾಕಿಸಬೇಡಿ, ರಾತ್ರಿ ಕೆಂಪು ದೀಪದಲ್ಲಿ ಅದು ಮಾಯ. ಪೆನ್ಸಿಲಿನ ದಾರ 35–40 ಸೆಂ.ಮೀ. ಮೀರಬಾರದು, ಉದ್ದವಾದರೆ ಲಿವರ್‌ಗೆ ಸುತ್ತಿಕೊಳ್ಳುತ್ತದೆ. ಕ್ಲಿಪ್ ಬದಲು ಅಗಲದ ರಬ್ಬರ್ ಬ್ಯಾಂಡ್. ಒಂದೇ ಬೆರಳಲ್ಲಿ ಕಾರ್ಡ್ ಬದಲಿಸಲು ಅದನ್ನು ಸುತ್ತುವ ಒಂದು ಬಗೆಯಿದೆ, ಅದು ಸದ್ಯ ನನ್ನಲ್ಲೇ ಇರಲಿ.

ಮೇಲಿನ ಕಾರ್ಡಿನಲ್ಲಿ ಕ್ಲಿಯರೆನ್ಸ್‌ಗೆ (ಕಂಟ್ರೋಲರ್ ಕೊಡುವ ಹಾರಾಟದ ಅನುಮತಿಗೆ) ಐದು ಗೆರೆ: ಲಿಮಿಟ್ (ಎಲ್ಲಿಯವರೆಗೆ), ರೂಟ್, ಆಲ್ಟಿಟ್ಯೂಡ್, ಫ್ರೀಕ್ವೆನ್ಸಿ, ಸ್ಕ್ವಾಕ್ (ರೇಡಾರಿಗೆ ಗುರುತು ತೋರಿಸುವ ಸಂಖ್ಯೆ). ಮೂಲೆಯಲ್ಲಿ ಕ್ರಾಸ್‌ವಿಂಡ್ ಲೆಕ್ಕ: ರನ್‌ವೇಗೆ ಗಾಳಿಯ ಕೋನ 30 ಡಿಗ್ರಿ ಇದ್ದರೆ ಗಾಳಿಯ ವೇಗದ 0.5 ಪಾಲು, 45ಕ್ಕೆ 0.7, 60ಕ್ಕೆ 0.9. 115 ಮಿ.ಮೀ. ಅಗಲದಲ್ಲಿ ಇಷ್ಟೂ ಹಿಡಿದು ಜಾಗ ಇನ್ನೂ ಉಳಿಯುತ್ತದೆ!

ಎಲ್ಲ ಸೇರಿ ತೂಕ 150 ಗ್ರಾಂ ಆಸುಪಾಸು, ಖರ್ಚು ಆ ಮೂರು ಮಡಿಕೆಯದ್ದರ ಕಾಲು ಭಾಗವೂ ಆಗಿಲ್ಲ. ಹಾರುವ ಮೊದಲು ನೆಲದಲ್ಲೇ ಹಾರ್ನೆಸ್ ಬಿಗಿದು, ಸ್ಟಿಕ್ಕನ್ನು ನಾಲ್ಕೂ ಮೂಲೆಗೆ ಒಯ್ದು, ಜೊತೆಗೆ ಪೂರ್ತಿ ರಡ್ಡರ್ ಎರಡೂ ಕಡೆ ಒತ್ತಿ ನೋಡಿ. ದಪ್ಪ ಜಾಕೆಟ್ ಹಾಕಿಕೊಂಡು ಇನ್ನೊಮ್ಮೆ; ತೋಳು ಬೋರ್ಡಿಗೆ ತಾಗುವುದು ಆಗಲೇ ಗೊತ್ತಾಗುತ್ತದೆ.