ಒಂದೇ ದೀಪದಲ್ಲಿ ಮೈ ಬರೆಯುವುದು

ಬರೋಕ್ ಕಾಲದವರ, ಅಂದರೆ ಹದಿನೇಳನೇ ಶತಮಾನದ ಯುರೋಪಿನ ಚಿತ್ರಕಾರರ ರೀತಿಯಲ್ಲಿ ಮಾಡೆಲ್ ನೋಡಿ ಬರೆಯುವ ದಿನ ನಾನು ಮೊದಲು ಮಾಡುವ ಕೆಲಸ ಟ್ಯೂಬ್‌ಲೈಟ್‌ಗಳನ್ನೆಲ್ಲಾ ಆರಿಸುವುದು. ಉಳಿಯುವುದು ಒಂದೇ ದೀಪ. ಅದನ್ನು ಮಾಡೆಲ್‌ನ ತಲೆಗಿಂತ ಎತ್ತರದಲ್ಲಿ, ಒಂದು ಪಕ್ಕಕ್ಕೆ ಇಡುತ್ತೇನೆ. ಹುಬ್ಬಿನ ಕೆಳಗೆ, ಕಂಕುಳಲ್ಲಿ, ಪಕ್ಕೆಲುಬಿನಡಿ ನೆರಳು ತಾನಾಗಿ ಕೂರುತ್ತದೆ.

ಕಾಗದ ಬಿಳಿ ಬೇಡ. ರೋಮ್‌ನ ಫರ್ನೇಸೆ ಅರಮನೆಯ ಚಾವಣಿ ಚಿತ್ರಗಳಿಗಾಗಿ 1597ರ ಸುಮಾರಿಗೆ ಇಟಲಿಯ ಚಿತ್ರಕಾರ ಅನ್ನಿಬಾಲೆ ಕರಾಚ್ಚಿ ಬರೆದ ಮೈಕಟ್ಟುಗಳನ್ನು ನೋಡಿ. ನೀಲಿ ಬೂದು ಕಾಗದ, ಕಪ್ಪು ಚಾಕ್, ಅಲ್ಲಲ್ಲಿ ಬಿಳಿ. ಬೆಳಕಿಗೂ ನೆರಳಿಗೂ ನಡುವಿನ ಛಾಯೆಯನ್ನು ಕಾಗದವೇ ಕೊಡುತ್ತದೆ. ಅರ್ಧ ಕೆಲಸ ಅಲ್ಲೇ ಮುಗಿಯಿತು, ಅಲ್ವಾ?

ಆಮೇಲೆ ಕಣ್ಣು ಅರೆ ಮುಚ್ಚಿ ನೋಡುತ್ತೇನೆ. ತೋಳಿನ ನೆರಳು, ಪಕ್ಕೆಯ ನೆರಳು, ತೋಳು ಪಕ್ಕೆಯ ಮೇಲೆ ಬೀಳಿಸಿದ ನೆರಳು ಎಲ್ಲಾ ಕೂಡಿ ಒಂದೇ ಆಕಾರವಾಗುತ್ತದೆ. ಅದರ ಅಂಚನ್ನು ಮೊದಲು ತೆಳುವಾಗಿ ಗುರುತಿಸಿಬಿಡುತ್ತೇನೆ. ಮಾಡೆಲ್ ದಣಿದು ಭುಜ ಸ್ವಲ್ಪ ಇಳಿದರೂ ನೆರಳು ಜಾಗ ಬಿಡುತ್ತದೆ. ಅದರ ಹಿಂದೆ ಓಡಬಾರದು.

ನನಗೆ ಜಾಸ್ತಿ ಹೊತ್ತು ಹಿಡಿಯುವುದು ಈ ಅಂಚೇ. ಮೊಣಕಾಲು, ಮೊಣಕೈಯಂಥ ಎಲುಬಿನ ಜಾಗದಲ್ಲಿ ಅದು ಚೂಪು. ಹೊಟ್ಟೆ, ತೊಡೆಯಲ್ಲಿ ಮೆಲ್ಲಗೆ ಕರಗುತ್ತದೆ. ಅತಿ ಕಪ್ಪನ್ನು ಅಂಚಿನ ಪಕ್ಕದಲ್ಲೇ, ನೆರಳಿನೊಳಗೆ ಇಡುತ್ತೇನೆ. ಇನ್ನೂ ಒಳಗೆ ಹೋದರೆ ನೆಲದಿಂದ, ಗೋಡೆಯಿಂದ ಚಿಮ್ಮಿದ ಬೆಳಕು ಕಾಣುತ್ತದೆ. ಅದು ಕಣ್ಣಿಗೆ ತುಂಬಾ ಹೊಳೆದಂತೆ ತೋರುತ್ತದೆ. ಆದರೂ ಬೆಳಕಿನ ಪಕ್ಕದ ಯಾವ ಛಾಯೆಗಿಂತಲೂ ಅದು ತಿಳಿಯಾಗಬಾರದು. ಹಾಗಾದರೆ ಮೈಯ ಗುಂಡು ಹೋಗಿ ಚಪ್ಪಟೆಯಾಗುತ್ತದೆ.

ಕಪ್ಪಿನ ವಿಷಯಕ್ಕೆ ನನ್ನ ಗುರು ಗ್ವೆರ್ಚಿನೊ, ಅದೇ ಕಾಲದ ಇಟಲಿಯ ಚಿತ್ರಕಾರ. 1616ರಲ್ಲಿ ಅವನು ತನ್ನ ಊರು ಚೆಂತೋದಲ್ಲಿ ಮಾಡೆಲ್ ನೋಡಿ ಬರೆಯುವ ಶಾಲೆ ತೆರೆದ. ಎಣ್ಣೆಯಲ್ಲಿ ನೆನೆಸಿದ ಇದ್ದಿಲಿನಿಂದ ಬರೆಯುತ್ತಿದ್ದ. ನಾನೂ ಇದ್ದಿಲು ಕಡ್ಡಿಯನ್ನು ಅಗಸೆ ಎಣ್ಣೆಯಲ್ಲಿ ನೆನೆಸಿ, ಒರೆಸಿ ಬಳಸುತ್ತೇನೆ. ಗಾಢವಾದ, ಮೃದುವಾದ ಕಪ್ಪು ಬರುತ್ತದೆ. ಒಣ ಇದ್ದಿಲಿನಂತೆ ಉದುರುವುದಿಲ್ಲ, ಅಳಿಸಲೂ ಆಗುವುದಿಲ್ಲ. ಹಾಗಾಗಿ ಗೆರೆ ಹಾಕುವ ಮೊದಲು ಜಾಸ್ತಿ ಹೊತ್ತು ನೋಡುತ್ತೇನೆ. ಎಣ್ಣೆ ಗೆರೆಯ ಸುತ್ತ ಹಳದಿಯಾಗಿ ಹರಡುವುದೂ ಉಂಟು. ಅವನ ಹಾಳೆಗಳಲ್ಲೂ ಆ ಕಲೆ ಇದೆ, ನನಗೆ ಅದು ಇಷ್ಟ.

ಬಿಳಿ ಚಾಕ್ ಕೊನೆಗೆ. ಹಣೆ, ಭುಜದ ತುದಿ, ಮಂಡಿಚಿಪ್ಪು, ಅಷ್ಟೇ. ಬಿಳಿಗೂ ಕಪ್ಪಿಗೂ ನಡುವೆ ಬರೀ ಕಾಗದ ಉಳಿಯಬೇಕು. ಎರಡೂ ಬೆರೆತರೆ ಸುಮ್ನೆ ಕೊಳೆ ಬೂದಿ ಬಣ್ಣ.